ಕೈಗಾದ ದೀಪ, ಕೂಡಗಿಯ ಬೂದಿ



ಅಣುವಿದ್ಯುತ್ತಿನ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಎರಡೇ ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ವಿಜ್ಞಾನ ಓದಿದ ಮಕ್ಕಳು ಅದನ್ನು ನಾಳಿನ ಭಾಗ್ಯವೆಂದು ಕೊಂಡಾಡುತ್ತಾರೆ. ಹಿರಿಯರು ಹಿರೋಷಿಮಾದ ಹೆಸರೆತ್ತಿ ಅಷ್ಟಕ್ಕೇ ಚರ್ಚೆಯನ್ನು ಮುಗಿಸುತ್ತಾರೆ. ಎರಡೂ ಕಡೆಯವರು ಕೈಗಾದ ಹೆಸರನ್ನು ಬಲ್ಲರು, ಆದರೆ ಅಲ್ಲಿ ನಡೆಯುವುದೇನೆಂದು ವಿಚಾರಿಸುವ ಗೋಜಿಗೆ ಹೋಗುವವರು ವಿರಳ. ಉತ್ತರ ಕನ್ನಡದ ಕಾಳಿ ನದಿಯ ದಡದಲ್ಲಿ, ಕಾಡಿನ ನಡುವೆ, ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಘಟಕಗಳು ಇಂದು ವಿದ್ಯುತ್ತನ್ನು ಉತ್ಪಾದಿಸುತ್ತಿವೆ. ತಲಾ 700 ಮೆಗಾವ್ಯಾಟಿನ ಇನ್ನೆರಡನ್ನು ಕಟ್ಟಲು ಕೇಂದ್ರ ಸರಕಾರವು 2017ರಲ್ಲಿಯೇ ಒಪ್ಪಿಗೆ ನೀಡಿತು. ದೇಶದ ಅಣುವಿದ್ಯುತ್ ಸಾಮರ್ಥ್ಯವನ್ನು 2047ರ ಹೊತ್ತಿಗೆ ಒಂದು ಲಕ್ಷ ಮೆಗಾವ್ಯಾಟಿಗೆ ಏರಿಸುವ ಸಂಕಲ್ಪವನ್ನು 2025ರ ಮುಂಗಡಪತ್ರದಲ್ಲಿ ಸಾರಲಾಯಿತು. ಆ ಸಂಕಲ್ಪ ಹೊರಬಿದ್ದಾಗ ಇದ್ದ ಸಾಮರ್ಥ್ಯ ಎಂಟು ಸಾವಿರ ಮೆಗಾವ್ಯಾಟನ್ನು ಸ್ವಲ್ಪ ಮೀರಿತ್ತು ಅಷ್ಟೆ. ಅಂದಮೇಲೆ ಈ ಪ್ರಶ್ನೆ ವಿಜ್ಞಾನಿಗಳ ಪಡಸಾಲೆಯಲ್ಲಿಯೇ ಉಳಿಯುವಂಥದ್ದಲ್ಲ; ದೀಪದ ಗುಂಡಿ ಒತ್ತುವ ಪ್ರತಿಯೊಬ್ಬ ಗೃಹಸ್ಥನಿಗೂ ಸಂಬಂಧಿಸಿದ್ದು.

ಮೊದಲು ಅಣುಸ್ಥಾವರವೆಂದರೆ ಏನು ಎಂಬುದನ್ನು ನೋಡೋಣ. (ಸ್ಥಾವರವೆಂಬ ಮಾತಿಗೆ ನಮ್ಮ ಮನೆಗಳಲ್ಲಿ ಬೇರೆಯೇ ಅರ್ಥವುಂಟು, ಇಲ್ಲಿ ಅದನ್ನು ಸರಕಾರದ ಅರ್ಥದಲ್ಲಿಯೇ ಬಳಸಿದ್ದೇವೆ.) ಕಲ್ಲಿದ್ದಲಿನ ವಿದ್ಯುದಾಗಾರದಲ್ಲಿಯೂ ಅಣುಸ್ಥಾವರದಲ್ಲಿಯೂ ನೀರು ಕಾಯ್ದು ಹಬೆಯಾಗುತ್ತದೆ, ಹಬೆಯು ಚಕ್ರವನ್ನು ತಿರುಗಿಸುತ್ತದೆ, ಚಕ್ರವು ವಿದ್ಯುತ್ತನ್ನು ಕೊಡುತ್ತದೆ. ಒಲೆ ಮಾತ್ರ ಬೇರೆ. ಕೈಗಾದ ಒಲೆಯಲ್ಲಿ ಉರಿಯುವುದು ಸೌದೆಯೂ ಅಲ್ಲ, ಕಲ್ಲಿದ್ದಲೂ ಅಲ್ಲ. ಯುರೇನಿಯಮ್ಮಿನ ಪರಮಾಣುಗಳು ಒಡೆದು ಶಾಖವನ್ನು ಕೊಡುತ್ತವೆ. ಭಾರಜಲವೆಂಬ ವಿಶೇಷ ಜಲವು ಆ ಒಡೆಯುವಿಕೆಯನ್ನು ಹದದಲ್ಲಿ ಸಾಗಿಸಿ, ಹುಟ್ಟಿದ ಶಾಖವನ್ನು ಹೊತ್ತು ತರುತ್ತದೆ. ಒಂದು ಕಿಲೋಗ್ರಾಂ ಯುರೇನಿಯಮ್ಮಿನಿಂದ ಇಂಥ ಸ್ಥಾವರದಲ್ಲಿ ಸುಮಾರು ನಲವತ್ತರಿಂದ ಐವತ್ತು ಸಾವಿರ ಯೂನಿಟ್ ವಿದ್ಯುತ್ತು ದೊರೆಯುತ್ತದೆ. ತಿಂಗಳಿಗೆ ನೂರು ಯೂನಿಟ್ ಬಳಸುವ ನಲವತ್ತು ಮನೆಗಳ ಇಡೀ ವರ್ಷದ ದೀಪವು ಒಂದು ಸೇರು ಅಕ್ಕಿಯ ಆಸುಪಾಸಿನ ತೂಕದಲ್ಲಿ ಅಡಗಿದೆ ಎಂದರೆ ಅಚ್ಚರಿಯಲ್ಲವೆ? ಅಷ್ಟೇ ವಿದ್ಯುತ್ತಿಗೆ ಕಲ್ಲಿದ್ದಲು ಸುಮಾರು ಮೂವತ್ತು ಟನ್ ಬೇಕು.

ಕಲ್ಲಿದ್ದಲಿನ ಲೆಕ್ಕವನ್ನು ನಮ್ಮವರಿಗೆ ದೂರದಿಂದ ತಂದು ತೋರಿಸಬೇಕಾಗಿಲ್ಲ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2400 ಮೆಗಾವ್ಯಾಟಿನ ಉಷ್ಣವಿದ್ಯುತ್ ಸ್ಥಾವರವಿದೆ. ಅಣ್ಣನವರು ಹುಟ್ಟಿದ ನೆಲದ ಮಗ್ಗುಲಲ್ಲಿ ಅದು ಏಳುತ್ತಿದ್ದಾಗ ರೈತರು ಪ್ರತಿಭಟಿಸಿದರು. 2014ರ ಜುಲೈನಲ್ಲಿ ಆ ಪ್ರತಿಭಟನೆ ಗೋಲಿಬಾರಿನವರೆಗೂ ಹೋಯಿತು. ಪೂರ್ಣ ಸಾಮರ್ಥ್ಯದಲ್ಲಿ ನಡೆದ ದಿನ ಅಂಥ ಸ್ಥಾವರವು ಮೂವತ್ತು ಸಾವಿರ ಟನ್ನಿನ ಆಜೂಬಾಜು ಕಲ್ಲಿದ್ದಲನ್ನು ನುಂಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲು ಬೂದಿಯೇ. ಅಂದರೆ ಒಂದೇ ದಿನದ ಬೂದಿ ಹತ್ತು ಸಾವಿರ ಟನ್ನಿನಷ್ಟು! ಅದರಲ್ಲಿ ಒಂದಷ್ಟು ಸಿಮೆಂಟಿಗೂ ಇಟ್ಟಿಗೆಗೂ ಹೋಗುತ್ತದೆಂಬುದು ನಿಜ. ಉಳಿದದ್ದು ಬೂದಿಯ ಹೊಂಡಕ್ಕೆ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದಲೂ ಇದೇ ಕಥೆ. ಮುಗಿಲಿಗೇರುವ ಹೊಗೆ, ಶ್ವಾಸಕೋಶಕ್ಕಿಳಿಯುವ ಸೂಕ್ಷ್ಮ ಧೂಳು, ಭೂಮಿಯ ತಾಪವನ್ನು ಏರಿಸುವ ಇಂಗಾಲಾಮ್ಲ, ಇವು ಯಾವ ವಿದ್ಯುತ್ ಬಿಲ್ಲಿನಲ್ಲಿಯೂ ಕಾಣಿಸುವುದಿಲ್ಲ. ಕಲ್ಲಿದ್ದಲು ಸದ್ದಿಲ್ಲದೆ ಕೊಲ್ಲುತ್ತದೆ; ಆದುದರಿಂದ ಅದು ಪತ್ರಿಕೆಯ ಮೊದಲ ಪುಟಕ್ಕೆ ಬರುವುದಿಲ್ಲ.

ಈಗ ಕೈಗಾದ ಕಡೆಗೆ ತಿರುಗೋಣ. ನಾಲ್ಕೂ ಘಟಕಗಳು ವರ್ಷವಿಡೀ ದುಡಿದು ಹೊರಹಾಕುವ ಬಳಸಿದ ಇಂಧನ ಹೆಚ್ಚೆಂದರೆ ನೂರರಿಂದ ನೂರೈವತ್ತು ಟನ್. ಹತ್ತು ಹದಿನೈದು ಲಾರಿಗಳ ಹೊರೆ! ಕೂಡಗಿಯ ಒಂದು ದಿನದ ಬೂದಿಯ ಎದುರು ಕೈಗಾದ ಒಂದು ವರ್ಷದ ಕಸ ಏನೇನೂ ಅಲ್ಲ. ಹೊಗೆಯಿಲ್ಲ. ಮಳೆಗಾಲ, ಬೇಸಿಗೆ, ಹಗಲು, ರಾತ್ರಿ ಎನ್ನದೆ ಅದು ನಡೆಯಬಲ್ಲದು. ಕೈಗಾದ ಒಂದನೆಯ ಘಟಕವು 2016ರ ಮೇ 13ರಂದು ಪ್ರಾರಂಭಗೊಂಡು 2018ರ ಡಿಸೆಂಬರ್ 31ರವರೆಗೆ, 962 ದಿನ ಎಡೆಬಿಡದೆ ನಡೆದು ಅಂದಿಗೆ ವಿಶ್ವದಾಖಲೆಯನ್ನು ನಿರ್ಮಿಸಿತು. ವಿಚಿತ್ರವೆಂದರೆ, ಅದೇ ಘಟಕವನ್ನು ಕಟ್ಟುತ್ತಿದ್ದಾಗ 1994ರ ಅದೇ ಮೇ 13ರಂದು ಅದರ ಗುಮ್ಮಟದ ಒಳಭಾಗದ ಕಾಂಕ್ರೀಟು ಕಳಚಿ ಕುಸಿದಿತ್ತು. ಆಗ ಅದರೊಳಗೆ ಇಂಧನವಿರಲಿಲ್ಲವೆಂಬುದು ಭಾಗ್ಯ. ಕುಸಿದದ್ದನ್ನು ಮತ್ತೆ ವಿನ್ಯಾಸಗೊಳಿಸಿ ಕಟ್ಟಿದ ಎಂಜಿನಿಯರುಗಳನ್ನೂ ದುಡಿದ ಕೈಗಳನ್ನೂ ನಾವು ಗೌರವಿಸುತ್ತೇವೆ. ಆದರೆ ಒಂದು ಗುಮ್ಮಟವು ಕುಸಿಯಬಲ್ಲದು ಎಂಬ ನೆನಪನ್ನು ದಾಖಲೆಯ ಸಂಭ್ರಮದಲ್ಲಿ ಕಳೆದುಕೊಳ್ಳಲಾಗದು.

ಹಾಗಾದರೆ ಅಂಜಿಕೆ ಯಾವುದರದು? ಅಣುಬಾಂಬಿನಂತೆ ಸ್ಥಾವರ ಸಿಡಿಯುವುದೆಂಬ ನಂಬಿಕೆ ತಪ್ಪು. ಅದರ ಇಂಧನದ ಸ್ವಭಾವವೇ ಅಂಥದ್ದಲ್ಲ. ನಿಜವಾದ ಅಂಜಿಕೆ ಕೆಂಡದ್ದು. ಒಲೆಯ ಉರಿಯನ್ನು ಆರಿಸಿದ ಮೇಲೂ ಬೂದಿಯೊಳಗಿನ ಕೆಂಡ ಸುಡುತ್ತಿರುತ್ತದೆಂಬುದನ್ನು ನಮ್ಮ ತಾಯಂದಿರು ಬಲ್ಲರು. ಅಣುಸ್ಥಾವರವನ್ನು ನಿಲ್ಲಿಸಿದ ಕೂಡಲೇ ಅದರ ಶಾಖ ನಿಲ್ಲುವುದಿಲ್ಲ. ನಿಲ್ಲಿಸಿದ ಕ್ಷಣದಲ್ಲಿ ಮೊದಲಿನ ಶಾಖದ ನೂರಕ್ಕೆ ಆರೇಳು ಪಾಲು ಹುಟ್ಟುತ್ತಲೇ ಇರುತ್ತದೆ. ಅದನ್ನು ತಣಿಸಲು ದಿನಗಟ್ಟಲೆ ನೀರು ಹರಿಯುತ್ತಿರಬೇಕು, ನೀರು ಹರಿಯಲು ಪಂಪು ನಡೆಯಬೇಕು. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಭೂಕಂಪವಾದಾಗ ನಡೆಯುತ್ತಿದ್ದ ಸ್ಥಾವರಗಳು ತಾವಾಗಿಯೇ ನಿಂತವು. ಆಮೇಲೆ ಬಂದ ಸಮುದ್ರದ ಮಹಾ ಅಲೆಗಳು ಪಂಪುಗಳಿಗೆ ವಿದ್ಯುತ್ತು ಕೊಡುವ ಡೀಸೆಲ್ ಯಂತ್ರಗಳನ್ನು ಮುಳುಗಿಸಿದವು. ಕೆಂಡ ತಣಿಯಲಿಲ್ಲ, ಮೂರು ಸ್ಥಾವರಗಳ ಒಡಲು ಕರಗಿತು. ವಿಕಿರಣದಿಂದ ನೇರವಾಗಿ ಸತ್ತವರು ಅತ್ಯಲ್ಪ. ಆದರೆ ಒಂದು ಲಕ್ಷಕ್ಕೂ ಮಿಕ್ಕಿ ಜನ ಮನೆ ಬಿಟ್ಟರು, ಮತ್ತು ಆ ಅಲೆದಾಟದ ಬೇನೆಯಿಂದಲೇ ಎರಡು ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ವೃದ್ಧರು, ಪ್ರಾಣ ಬಿಟ್ಟರು. 1986ರ ಚೆರ್ನೊಬಿಲ್ ದುರಂತವನ್ನು ಹಳೆಯ ಸೋವಿಯತ್ ಆಡಳಿತದ ಅಜಾಗರೂಕತೆಯೆಂದು ತಳ್ಳಿಹಾಕುತ್ತಿದ್ದವರಿಗೆ, ಶಿಸ್ತಿಗೆ ಹೆಸರಾದ ಜಪಾನು ಬೇರೊಂದು ಪಾಠವನ್ನು ಹೇಳಿತು.

ಕೈಗಾ ಸಮುದ್ರದ ದಂಡೆಯಲ್ಲಿಲ್ಲ, ಆದುದರಿಂದ ಸುನಾಮಿಯ ಭಯವಿಲ್ಲ ಎನ್ನುವವರಿದ್ದಾರೆ. ನಿಜ. ಆದರೆ ಅದರ ಮೇಲ್ಭಾಗದ ಕಾಳಿ ಕಣಿವೆಯಲ್ಲಿ ಕೊಡಸಳ್ಳಿ ಮತ್ತು ಸೂಪಾ ಅಣೆಕಟ್ಟುಗಳಿವೆ. ಸುತ್ತಲೂ ಘಟ್ಟದ ಇಳಿಜಾರು, ಅದರ ಮೇಲೆ ಆಷಾಢದ ಮಳೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿದದ್ದನ್ನು ನಾಡೆಲ್ಲ ಕಂಡಿತು. ಪ್ರಕೃತಿಯಷ್ಟೇ ಅಲ್ಲ, ಮನುಷ್ಯನ ಮನಸ್ಸೂ ಕುಸಿಯುವುದುಂಟು. 2009ರ ನವೆಂಬರಿನಲ್ಲಿ ಕೈಗಾದ ಒಳಗೆ ಕುಡಿಯುವ ನೀರಿನ ಯಂತ್ರಕ್ಕೆ ಯಾರೋ ಬೇಕೆಂದೇ ಟ್ರೀಷಿಯಂ ಬೆರೆತ ಭಾರಜಲವನ್ನು ಸೇರಿಸಿದರು. ಐವತ್ತಕ್ಕೂ ಹೆಚ್ಚು ನೌಕರರ ದೇಹದಲ್ಲಿ ಆ ವಿಕಿರಣ ವಸ್ತು ಕಂಡುಬಂದಿತು. ಅವರು ಗುಣಮುಖರಾದರೆಂಬುದು ಸಮಾಧಾನದ ವಿಷಯ. ಸಂಗತಿ ಸಾರ್ವಜನಿಕರ ಕಿವಿಗೆ ಬಿದ್ದದ್ದು ಕೆಲವು ದಿನಗಳ ನಂತರವೆಂಬುದು ಸಮಾಧಾನದ ವಿಷಯವಲ್ಲ.

ಈ ಅಂಜಿಕೆಗಳನ್ನು ಮೊದಲಿಗೆ ಎತ್ತಿದವರನ್ನು ಅಂದು ಅನೇಕರು ಪ್ರಗತಿವಿರೋಧಿಗಳೆಂದು ಜರೆದರು. ಶಿವರಾಮ ಕಾರಂತರು 87ನೆಯ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಪಕ್ಷೇತರರಾಗಿ ನಿಂತದ್ದು ಕೈಗಾವನ್ನು ಪ್ರತಿಭಟಿಸುವುದಕ್ಕಾಗಿಯೇ. ಸೋತರು. ಡಾ. ಕುಸುಮಾ ಸೊರಬ ಅವರು ಊರೂರು ತಿರುಗಿ ಜನರಿಗೆ ತಿಳಿಯಹೇಳಿದರು. ಇತ್ತ ಕಡೆ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ದೇಶದ ಅಣುಶಕ್ತಿ ಆಯೋಗಕ್ಕೇ ಅಧ್ಯಕ್ಷರಾಗಿದ್ದವರು. ಎರಡೂ ಪಕ್ಷದಲ್ಲಿ ಕನ್ನಡಿಗರೇ, ಎರಡೂ ಪಕ್ಷದಲ್ಲಿ ನಾಡಿನ ಹಿತವನ್ನು ಬಯಸಿದವರೇ. ಅಂಥ ವಾದ ಇಂದು ನಮ್ಮ ನಡುವೆ ನಡೆಯುತ್ತಿಲ್ಲವೆಂಬುದು ನಮಗೆ ಖೇದ. 2018ರ ಡಿಸೆಂಬರಿನಲ್ಲಿ ಹೊಸ ಘಟಕಗಳ ಕುರಿತು ಸಾರ್ವಜನಿಕ ಅಹವಾಲು ಸಭೆ ನಡೆದಾಗ ಸುತ್ತಲಿನ ಜನ ತಮ್ಮ ವಿರೋಧವನ್ನು ಬಾಯಿಬಿಟ್ಟು ಹೇಳಿದರು. ಮರುವರ್ಷವೇ ಪರಿಸರ ಇಲಾಖೆಯ ಅನುಮತಿ ದೊರೆಯಿತು.

ಆ ಜನರ ಹಿನ್ನೆಲೆಯನ್ನೂ ಅರಿಯಬೇಕು. ಸೂಪಾ ಅಣೆಕಟ್ಟಿಗಾಗಿ ಸೂಪಾ ಎಂಬ ಊರೇ ಮುಳುಗಿತು. ನಾಡಿಗೆ ಕರೆಂಟು ಕೊಟ್ಟ ಆ ಕಣಿವೆಯ ಎಷ್ಟೋ ಮಜರೆಗಳಿಗೆ ದೀಪ ಬಂದದ್ದು ಬಹಳ ತಡವಾಗಿ. ಶರಾವತಿಯ ಮುಳುಗಡೆಯ ಕುಟುಂಬಗಳು ಇಂದಿಗೂ ಜಮೀನಿನ ಪಹಣಿಗಾಗಿ ಅಲೆಯುತ್ತಿವೆ. ಪಟ್ಟಣದಲ್ಲಿ ಫ್ರಿಜ್ಜು, ಹಳ್ಳಿಯಲ್ಲಿ ಪಂಪಸೆಟ್ಟು ನಡೆಸುವ ನಾವು ಆ ಸಾಲವನ್ನು ತೀರಿಸದೆಯೇ ಮತ್ತೊಂದನ್ನು ಕೇಳುತ್ತಿದ್ದೇವೆ.

ಸೂರ್ಯನಿದ್ದಾನಲ್ಲ ಎನ್ನುವಿರಿ. ಪಾವಗಡದಲ್ಲಿ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ 2050 ಮೆಗಾವ್ಯಾಟಿನ ಸೌರ ಉದ್ಯಾನವಿದೆ; ರೈತರು ಜಮೀನನ್ನು ಮಾರದೆ ಗೇಣಿಗೆ ಕೊಟ್ಟಿದ್ದಾರೆಂಬುದು ಮೆಚ್ಚತಕ್ಕದ್ದು. ಸೌರವಿದ್ಯುತ್ತು ಇಂದು ಅಗ್ಗ, ಒಂದೆರಡು ವರ್ಷಗಳಲ್ಲಿ ಕಟ್ಟಬಹುದು. ಕೈಗಾದ ಮೊದಲ ಎರಡು ಘಟಕಗಳಿಗೆ 1989ರಲ್ಲಿ ಕೆಲಸ ತೊಡಗಿ ವಿದ್ಯುತ್ತು ಬಂದದ್ದು 2000ದಲ್ಲಿ. ಹನ್ನೊಂದು ವರ್ಷ! ಆದರೆ ಸಂಜೆ ಏಳಕ್ಕೆ ಅಡುಗೆಮನೆಯಲ್ಲಿ ಮಿಕ್ಸಿ ತಿರುಗುವಾಗ ಪಾವಗಡದ ಫಲಕಗಳು ನಿದ್ರಿಸುತ್ತಿರುತ್ತವೆ. ಹಗಲಿನ ವಿದ್ಯುತ್ತನ್ನು ರಾತ್ರಿಗೆ ಕೂಡಿಡಲು ದೊಡ್ಡ ಬ್ಯಾಟರಿಗಳು ಬರುತ್ತಿವೆ. ನೀರನ್ನು ಮೇಲಕ್ಕೆತ್ತಿ ಕೂಡಿಡುವ ಯೋಜನೆಯೂ ಶರಾವತಿಗೆ ಸಿದ್ಧವಾಗಿದೆ. ಅದು ಸಿಂಗಳೀಕಗಳ ಕಾಡನ್ನು ಕೇಳುತ್ತಿದೆ. ಯಾರಿಗೂ ಹೊರೆಯಾಗದ ವಿದ್ಯುತ್ತೆಂಬುದು ಇಲ್ಲ.

ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ನಡೆಯುತ್ತಿರುವ ನಾಲ್ಕು ಘಟಕಗಳು ನಡೆಯಲಿ. ಇಂದು ಅವನ್ನು ಮುಚ್ಚಿದರೆ ಆ ಕೊರತೆಯನ್ನು, ಬಹುತೇಕ ರಾತ್ರಿಯ ಕೊರತೆಯನ್ನು, ತುಂಬುವುದು ಕೂಡಗಿ ರಾಯಚೂರುಗಳ ಕಲ್ಲಿದ್ದಲೇ. ಜರ್ಮನಿಯು ಕಲ್ಲಿದ್ದಲಿನ ಸ್ಥಾವರಗಳು ಇನ್ನೂ ಉರಿಯುತ್ತಿರುವಾಗಲೇ 2023ರ ಏಪ್ರಿಲಿನಲ್ಲಿ ತನ್ನ ಕೊನೆಯ ಮೂರು ಅಣುಸ್ಥಾವರಗಳನ್ನು ಮುಚ್ಚಿತು. ಆ ಕ್ರಮ ನಮಗೆ ಸರಿಕಾಣದು. ಆದರೆ ಹೊಸ ಎರಡು ಘಟಕಗಳಿಗೆ ನಮ್ಮ ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಕಾರಣ, ಆ ಹದಿನೈದು ಲಾರಿಗಳ ಹೊರೆ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ಬಳಸಿದ ಇಂಧನವನ್ನು ನಮ್ಮ ದೇಶ ಸಂಸ್ಕರಿಸುತ್ತದೆ. ಉಳಿದ ಉಗ್ರ ವಿಕಿರಣದ ಕಸವನ್ನು ಗಾಜಿನೊಳಗೆ ಬೆಸೆದು ಕಾಪಾಡುತ್ತದೆ. ಅದರಲ್ಲಿ ಸೀಸಿಯಂ ಅರ್ಧಕ್ಕಿಳಿಯಲು ಮೂವತ್ತು ವರ್ಷ ಸಾಕು. ಪ್ಲುಟೋನಿಯಮ್ಮಿಗೆ ಇಪ್ಪತ್ನಾಲ್ಕು ಸಾವಿರ ವರ್ಷ ಬೇಕು! ಕಲ್ಯಾಣದ ಕಾಲದಿಂದ ನಮ್ಮವರೆಗೆ ಕಳೆದದ್ದು ಒಂಬೈನೂರು ವರ್ಷವೂ ಅಲ್ಲ. ಫಿನ್ಲೆಂಡು ದೇಶವು ಬಂಡೆಯನ್ನು ನಾನೂರು ಮೀಟರಿನಷ್ಟು ಆಳಕ್ಕೆ ಕೊರೆದು ಅದಕ್ಕೊಂದು ಶಾಶ್ವತ ನೆಲೆಯನ್ನು ನಿರ್ಮಿಸಿದೆ. ನಮ್ಮಲ್ಲಿ ಅಂಥ ನೆಲೆಯಿಲ್ಲ.

ಈ ವಿಷಯದಲ್ಲಿ ಕೋಲಾರದ ಚಿನ್ನದ ಗಣಿಯ ಕಥೆಯನ್ನು ಹೇಳಲೇಬೇಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ತೊಂಬತ್ತೆರಡು ಮೈಲಿ ಹರಿದು ಮೊಟ್ಟಮೊದಲು ತಲುಪಿದ್ದು ಆ ಗಣಿಗಳನ್ನು. ಅದೇ ಗಣಿಯ ಬರಿದಾದ ಸುರಂಗವೊಂದರಲ್ಲಿ, ಅಣುಕಸದ ಶಾಖಕ್ಕೆ ಬಂಡೆ ಹೇಗೆ ವರ್ತಿಸುತ್ತದೆಂದು ವಿಜ್ಞಾನಿಗಳು ಹಿಂದೆ ಪ್ರಯೋಗ ಮಾಡಿದ್ದರು. 2012ರ ನವೆಂಬರಿನಲ್ಲಿ ಕೂಡಂಕುಳಂ ಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ ಅಣುಕಸಕ್ಕೆ ಕೋಲಾರದ ಗಣಿಯ ಹೆಸರು ಕೇಳಿಬಂದಿತು. ಕೆ.ಜಿ.ಎಫ್. ಬೀದಿಗಿಳಿಯಿತು. ಅಂಥ ಉದ್ದೇಶವಿಲ್ಲವೆಂದು ಕೂಡಲೇ ಸ್ಪಷ್ಟನೆ ಬಂದಿತು. ಯಾವ ಊರೂ ಒಪ್ಪದ ವಸ್ತುವನ್ನು ಹೆಚ್ಚುಹೆಚ್ಚು ಉತ್ಪಾದಿಸುವ ಮೊದಲು ಅದರ ವಿಳಾಸವನ್ನು ಗೊತ್ತುಪಡಿಸಬೇಡವೆ? ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಇದೆ. ಅಲ್ಲಿನ ರೈತರೂ ಗಣಿಯನ್ನು ವಿರೋಧಿಸಿದ್ದಾರೆ. ಒಲೆಗೆ ಇಂಧನ ತರುವಲ್ಲಿಯೂ ಬೂದಿ ಚೆಲ್ಲುವಲ್ಲಿಯೂ ನಮ್ಮ ನಾಡಿನ ಹಳ್ಳಿಗಳೇ ಇರುವಾಗ, ವಿಕಿರಣದ ಅಳತೆಯನ್ನೂ ಸುತ್ತಲಿನವರ ಆರೋಗ್ಯದ ದಾಖಲೆಯನ್ನೂ ಕನ್ನಡದಲ್ಲಿ, ಗ್ರಾಮ ಪಂಚಾಯಿತಿಯ ಫಲಕದ ಮೇಲೆ, ಪ್ರತಿ ತಿಂಗಳು ಪ್ರಕಟಿಸಬೇಕೆಂಬುದು ಅತಿಯಾದ ಬೇಡಿಕೆಯಲ್ಲ.

ಕಾರವಾರ, ಯಲ್ಲಾಪುರ, ಜೋಯಿಡಾ ಸೀಮೆಯಲ್ಲಿರುವ ನಮ್ಮ ವಾಚಕರಿಗೆ ಒಂದು ಸೂಚನೆ. ಸ್ಥಾವರದ ಸುತ್ತಲಿನ ಹದಿನಾರು ಕಿಲೋಮೀಟರ್ ವ್ಯಾಪ್ತಿಗೆ ತುರ್ತುಸ್ಥಿತಿಯ ಯೋಜನೆಯಿರುತ್ತದೆ, ಆಗಾಗ ಅಣಕು ಕಾರ್ಯಾಚರಣೆ ನಡೆಯುತ್ತದೆ. ಅದನ್ನು ತಮಾಷೆಯೆಂದು ಬಗೆಯದೆ ಮನೆಮಂದಿಯೆಲ್ಲ ಭಾಗವಹಿಸಿರಿ; ಯಾವ ರಸ್ತೆಯಿಂದ ಎಲ್ಲಿಗೆ ಹೋಗಬೇಕೆಂದು ಮಕ್ಕಳಿಗೂ ತಿಳಿದಿರಲಿ. ಅಂಥ ಸಮಯದಲ್ಲಿ ಕೊಡುವ ಅಯೋಡೀನಿನ ಗುಳಿಗೆಯು ಕೊರಳಿನ ಥೈರಾಯ್ಡ್ ಗ್ರಂಥಿಯನ್ನು ವಿಕಿರಣಶೀಲ ಅಯೋಡೀನಿನಿಂದ ರಕ್ಷಿಸುತ್ತದೆ, ಅಷ್ಟೆ, ದೇಹಕ್ಕೆಲ್ಲ ಕವಚವಲ್ಲ. ಅಧಿಕಾರಿಗಳು ಹೇಳಿದಾಗ ಮಾತ್ರ ಅದನ್ನು ನುಂಗತಕ್ಕದ್ದು.