ಮೌನವು ಸಮ್ಮತಿಯೆ?

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಹೆಣ್ಣು ಕೇಳುವ ಮನೆಯಿಂದ ಹಿಡಿದು ಕಚೇರಿಯ ಸಭೆಯವರೆಗೆ ಎಲ್ಲೆಡೆಯೂ ಸಲ್ಲುತ್ತ ಬಂದಿದೆ. ವ್ಯವಸ್ಥಾಪಕರು ತಮ್ಮ ಅಭಿಪ್ರಾಯವನ್ನು ಮಂಡಿಸಿ, ‘ಯಾರದಾದರೂ ಆಕ್ಷೇಪಣೆಯಿದೆಯೆ?’ ಎಂದು ಕೇಳುತ್ತಾರೆ. ಕುಳಿತ ಹನ್ನೆರಡು ಮಂದಿಯೂ ತಮ್ಮೆದುರಿನ ಕಾಗದವನ್ನೇ ದಿಟ್ಟಿಸುತ್ತಾರೆ. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಕಾರ್ಯದರ್ಶಿ ಬರೆದುಕೊಳ್ಳುತ್ತಾರೆ. ಹೊರಗೆ ಬಂದು ಕಾಫಿಯ ಲೋಟವನ್ನು ಕೈಗೆತ್ತಿಕೊಂಡೊಡನೆ ಅವರಲ್ಲೇ ಎಂಟು ಮಂದಿ, ‘ಇದು ನಡೆಯುವ ಮಾತಲ್ಲ’ ಎಂದು ತಲೆಯಾಡಿಸುತ್ತಾರೆ. ನಿಜವಾದ ಸಭೆ ಆರಂಭವಾಗುವುದು ಅಲ್ಲಿಯೇ. ಆದರೆ ಆ ಸಭೆಗೆ ಅಧ್ಯಕ್ಷರಿಲ್ಲ, ನಡಾವಳಿಯೂ ಇಲ್ಲ.

ಮಾತೇ ಆಡದ ಈ ಜನ ಸ್ವಭಾವತಃ ಮೂಗರಲ್ಲ. 1957ರಲ್ಲಿ ಮೊದಲು ಪ್ರಕಟವಾದ ‘ಪಾರ್ಕಿನ್ಸನ್ಸ್ ಲಾ’ ಎಂಬ ವಿನೋದಗ್ರಂಥದಲ್ಲಿ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ ಒಂದು ಹಣಕಾಸು ಸಮಿತಿಯನ್ನು ಕಲ್ಪಿಸಿದ್ದಾರೆ. 1 ಕೋಟಿ ಪೌಂಡಿನ ಪರಮಾಣು ಸ್ಥಾವರದ ಪ್ರಸ್ತಾವ ಆ ಸಮಿತಿಯಲ್ಲಿ ಎರಡೂವರೆ ನಿಮಿಷಗಳಲ್ಲಿ ಅಂಗೀಕೃತವಾಗುತ್ತದೆ. ನೌಕರರ ಸೈಕಲ್ಲುಗಳಿಗೆ 350 ಪೌಂಡಿನ ಚಪ್ಪರ ಬೇಕೆಂಬ ವಿಷಯಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಸ್ಥಾವರ ಯಾರಿಗೂ ತಿಳಿಯದು. ತಿಳಿಯದೆಂದು ಒಪ್ಪಿಕೊಳ್ಳಲು ಸಂಕೋಚ. ಚಪ್ಪರವಾದರೋ ಎಲ್ಲರಿಗೂ ತಿಳಿದ ವಸ್ತು. ಹೀಗೆ ಅಲ್ಪ ವಿಷಯಕ್ಕೆ ಮಾತಿನ ಮಳೆ, ಮಹತ್ತ್ವದ ವಿಷಯಕ್ಕೆ ಮೌನದ ಬರ.

ಇದು ನಕ್ಕು ಮರೆಯುವ ಮಾತಾಗಿದ್ದರೆ ಚಿಂತೆಯಿರಲಿಲ್ಲ. 1986ರ ಜನವರಿ 27ರ ರಾತ್ರಿ ಅಮೆರಿಕದಲ್ಲಿ ನಡೆದ ಒಂದು ಸಭೆಯನ್ನು ನೆನೆಯಬೇಕು. ಮರುದಿನ ಬೆಳಗ್ಗೆ ‘ಚಾಲೆಂಜರ್’ ಬಾಹ್ಯಾಕಾಶ ನೌಕೆ ಹಾರಬೇಕಾಗಿತ್ತು. ಅದರ ರಾಕೆಟ್ಟುಗಳನ್ನು ತಯಾರಿಸಿದ್ದ ಮಾರ್ಟನ್ ಥಯೋಕಾಲ್ ಕಂಪನಿಯವರೂ ‘ನಾಸಾ’ ಸಂಸ್ಥೆಯ ಅಧಿಕಾರಿಗಳೂ ದೂರವಾಣಿಯ ಮೂಲಕ ಸಭೆ ಸೇರಿದ್ದರು. ಕಡುಚಳಿಯಲ್ಲಿ ರಾಕೆಟ್ಟಿನ ಕೀಲುಗಳಲ್ಲಿರುವ ರಬ್ಬರಿನ ಉಂಗುರಗಳು ಬಿರುಸಾಗಿ ಅನಿಲವನ್ನು ತಡೆಯಲಾರವೆಂದೂ, ಸುಮಾರು 12 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆ ಉಷ್ಣತೆಯಲ್ಲಿ ಹಾರಿಸಕೂಡದೆಂದೂ ರಾಜರ್ ಬೋಯ್ಜಲಿ ಮೊದಲಾದ ಎಂಜಿನಿಯರುಗಳು ವಾದಿಸಿದರು. ನಾಸಾ ಅಧಿಕಾರಿಗಳಿಗೆ ಇದು ರುಚಿಸಲಿಲ್ಲ. ಕಂಪನಿಯವರು ಸ್ವಲ್ಪ ಬಿಡುವು ಕೇಳಿ ತಮ್ಮೊಳಗೇ ಚರ್ಚಿಸಿದರು. ಎಂಜಿನಿಯರಿನ ಟೋಪಿ ತೆಗೆದು ವ್ಯವಸ್ಥಾಪಕನ ಟೋಪಿ ಧರಿಸುವಂತೆ ಹಿರಿಯ ಅಧಿಕಾರಿಯೊಬ್ಬರು ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ ಸೂಚಿಸಿದರು. ಕೊನೆಗೆ ನಾಲ್ವರು ಮೇಲಧಿಕಾರಿಗಳೇ ತೀರ್ಮಾನ ಮಾಡಿದರು. ಎಂಜಿನಿಯರುಗಳ ಮತವನ್ನು ಕೇಳಲಿಲ್ಲ. ಮತ್ತೆ ದೂರವಾಣಿ ಕೂಡಿದಾಗ, ಭಿನ್ನಾಭಿಪ್ರಾಯವೇನಾದರೂ ಉಂಟೆ ಎಂದು ನಾಸಾ ಅಧಿಕಾರಿ ವಿಚಾರಿಸಿದರು. ಯಾರೂ ಮಾತಾಡಲಿಲ್ಲ. ಮರುದಿನ ಹಾರಿದ 73 ಸೆಕೆಂಡುಗಳಲ್ಲಿ ನೌಕೆ ಛಿದ್ರವಾಯಿತು. ಅದರಲ್ಲಿದ್ದ ಏಳು ಮಂದಿಯೂ ಮಡಿದರು.

ಆ ಸಭೆಯಲ್ಲಿ ತಿಳಿದವರ ಕೊರತೆಯಿರಲಿಲ್ಲ, ಹೇಳಿದವರ ಕೊರತೆಯೂ ಇರಲಿಲ್ಲ. ಒಮ್ಮೆ ಹೇಳಿ ಸೋತವರನ್ನು ಹೆಸರು ಹಿಡಿದು ಮತ್ತೊಮ್ಮೆ ಕೇಳುವವರು ಇರಲಿಲ್ಲ. ಎಲ್ಲರನ್ನೂ ಕುರಿತು ಎಸೆದ ಪ್ರಶ್ನೆ ಯಾರೊಬ್ಬರದೂ ಆಗದು. ಮೇಲಧಿಕಾರಿಯ ಇಚ್ಛೆ ಬಯಲಾದ ಮೇಲೆ ಕೇಳಿದರಂತೂ ಅದು ಪ್ರಶ್ನೆಯೇ ಅಲ್ಲ, ಉಪಚಾರದ ಮಾತು.

ಇದಕ್ಕೆ ಮದ್ದು ಹಳೆಯದೇ. ಸೈನ್ಯದ ನ್ಯಾಯಾಲಯಗಳಲ್ಲಿ ಅತ್ಯಂತ ಕಿರಿಯ ಸದಸ್ಯನ ಅಭಿಪ್ರಾಯವನ್ನು ಮೊದಲು ಪಡೆಯುವ ಪದ್ಧತಿಯುಂಟು. ಹಿರಿಯನು ಮೊದಲು ನುಡಿದರೆ ಕಿರಿಯನ ನಾಲಗೆ ಕಟ್ಟಿಹೋಗುವುದೆಂಬುದನ್ನು ಶಿಸ್ತಿಗೆ ಹೆಸರಾದ ಸೈನ್ಯವೇ ಅರಿತಿದೆ. ವ್ಯಾಪಾರದ ಸಭೆಗಳಲ್ಲಿಯೂ ಅಧ್ಯಕ್ಷರು ಕೊನೆಯಲ್ಲಿ ಮಾತಾಡುವುದು ಲೇಸು. ಜನರಲ್ ಮೋಟರ್ಸ್ ಕಂಪನಿಯನ್ನು ದೀರ್ಘಕಾಲ ನಡೆಸಿದ ಆಲ್ಫ್ರೆಡ್ ಸ್ಲೋನ್ ಒಮ್ಮೆ ಎಲ್ಲರೂ ಪೂರ್ತಿಯಾಗಿ ಒಪ್ಪಿದ್ದನ್ನು ಕಂಡು, ಭಿನ್ನಾಭಿಪ್ರಾಯ ಹುಟ್ಟಲು ಕಾಲಾವಕಾಶವಿರಲೆಂದು ಆ ವಿಷಯವನ್ನು ಮುಂದಿನ ಸಭೆಗೆ ಹಾಕಿದರಂತೆ. ಪೀಟರ್ ಡ್ರಕರ್ ಹೇಳಿದ ಈ ಪ್ರಸಂಗ ವ್ಯವಸ್ಥಾಪಕರೆಲ್ಲರೂ ನೆನಪಿಡತಕ್ಕದ್ದು.

ಇನ್ನುಳಿದವು ಗೃಹಕೃತ್ಯದಷ್ಟೇ ಸರಳ. ಮುಖ್ಯ ವಿಷಯ ಕಾರ್ಯಸೂಚಿಯಲ್ಲಿ ಮೊದಲು ಬರಲಿ, ಚಪ್ಪರದಂಥವು ಕೊನೆಗಿರಲಿ. ಕಾಗದಪತ್ರಗಳು ಮುಂಚಿತವಾಗಿಯೇ ಸದಸ್ಯರ ಕೈ ಸೇರಲಿ. ಕಂಪನಿಯ ನಿರ್ದೇಶಕರ ಸಭೆಗೆ ಸಾಮಾನ್ಯವಾಗಿ 7 ದಿನಗಳಾದರೂ ಮುಂಚೆ ತಿಳಿವಳಿಕೆ ಕೊಡಬೇಕೆಂದು 2013ರ ಭಾರತದ ಕಂಪನಿಗಳ ಕಾಯಿದೆ ವಿಧಿಸಿರುವುದು ಬರಿಯ ಕಟ್ಟಳೆಗಾಗಿಯಲ್ಲ. ಓದದೆ ಬಂದವನು ಒಪ್ಪುವುದೂ ಒಪ್ಪದಿರುವುದೂ ಒಂದೇ. ನಡಾವಳಿಯಲ್ಲಿ ನಿರ್ಣಯದೊಡನೆ, ಅದನ್ನು ನಡೆಸುವವರು ಯಾರು, ಎಂದಿನೊಳಗೆ ಎಂಬುದೂ ಇರಲಿ. ಒಪ್ಪದವರ ಹೆಸರನ್ನೂ ಕಾರಣವನ್ನೂ ಮುಜುಗರವಿಲ್ಲದೆ ಬರೆದಿಡಲಿ.

ಹನ್ನೆರಡು ಮಂದಿ ಒಂದು ಗಂಟೆ ಕುಳಿತರೆ ಹನ್ನೆರಡು ಗಂಟೆಗಳ ದುಡಿಮೆ ವೆಚ್ಚವಾಗುತ್ತದೆ. ಒಬ್ಬರ ಬಾಯಿಂದ ಹೊರಡುವ ಅಪ್ಪಣೆಯನ್ನು ಆಲಿಸುವುದಕ್ಕೆ ಇಷ್ಟು ಬೆಲೆ ತೆರಬೇಕಾಗಿಲ್ಲ. ಅದಕ್ಕೆ ಒಂದು ಸುತ್ತೋಲೆ ಸಾಕು. ಸಭೆ ಕರೆದ ಮೇಲೆ, ಮೂಲೆಯ ಕುರ್ಚಿಯಲ್ಲಿ ಕುಳಿತ ಕಿರಿಯನತ್ತ ತಿರುಗಿ, ‘ನೀವೇನು ಹೇಳುತ್ತೀರಿ?’ ಎಂದು ಕೇಳಿ, ಅವನ ಉತ್ತರಕ್ಕಾಗಿ ಕಾಯುವ ತಾಳ್ಮೆ ಅಧ್ಯಕ್ಷರಿಗೆ ಇರಬೇಕು. ಆ ಕುರ್ಚಿಯವನಿಗೆ ಧೈರ್ಯ ಬರುವುದು ಈ ತಾಳ್ಮೆಯಿಂದಲೇ.