ಕ್ಯಾಂಪಿನ ಹುಡುಗರು

ಯುದ್ಧದಿಂದ ಮರಳಿದವರ ನೆನಪುಗಳನ್ನು ಅವರ ದನಿಯಲ್ಲಿಯೇ ಕಾಯ್ದಿರಿಸುವುದಕ್ಕಾಗಿ ಅಮೆರಿಕದ ಸಂಸತ್ತು 2000ದಲ್ಲಿ ಕಾನೂನು ಮಾಡಿ ಒಂದು ಯೋಜನೆಯನ್ನು ಸ್ಥಾಪಿಸಿತು. ಅಲ್ಲಿನ ಯೋಧ ಸರಕಾರದ ಸಂಬಳ ತಿಂದ ಸಿಪಾಯಿ. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಆ ಹೆಸರಿಗೆ ಸಲ್ಲತಕ್ಕವರಲ್ಲಿ ಹಲವರು ಶಾಲೆ ಬಿಟ್ಟು ಬಂದ ಹುಡುಗರು. ಅವರಿಗೆ ಸಂಬಳವೂ ಇರಲಿಲ್ಲ, ಸಮವಸ್ತ್ರವೂ ಇರಲಿಲ್ಲ.

1947ರ ಆಗಸ್ಟ್ 15ರಂದು ದೇಶವೆಲ್ಲ ಸ್ವತಂತ್ರವಾದರೂ ಈ ಸೀಮೆ ನಿಜಾಮನ ಆಳ್ವಿಕೆಯಲ್ಲಿಯೇ ಉಳಿಯಿತು. ಖಾಸಿಂ ರಜ್ವಿಯ ರಜಾಕಾರರ ಹಾವಳಿ ಹೆಚ್ಚಿದಂತೆ ತರುಣರು ಗಡಿ ದಾಟಿದರು. ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳೂ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರೂ ಶಿಬಿರಗಳನ್ನು ನಡೆಸಿದರು. ಮದರಾಸು ಪ್ರಾಂತದ ಕಂಪ್ಲಿಯಲ್ಲಿಯೂ ಒಂದಿತ್ತು. ಜನರ ಬಾಯಲ್ಲಿ ಅವು 'ಕ್ಯಾಂಪು'ಗಳಾದವು. ಅಲ್ಲಿಂದ ಹೊರಟವರು ಗಡಿಯ ಕರೋಡಗಿರಿ ನಾಕೆಗಳ ಮೇಲೆಯೂ ಪೊಲೀಸು ಠಾಣೆಗಳ ಮೇಲೆಯೂ ದಾಳಿಯಿಟ್ಟರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಹೊಕ್ಕಿತು. 17ರಂದು ನಿಜಾಮ ಶರಣಾದ.

ಮುಂದಾಳುಗಳ ಕಥೆ ಇತಿಹಾಸದಲ್ಲಿ ದಾಖಲಾಯಿತು. ಶಿವಮೂರ್ತಿಸ್ವಾಮಿಗಳು 1952ರಲ್ಲಿ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಆರಿಸಿ ಬಂದರು. ಹೆಸರಿಲ್ಲದ ಹುಡುಗರ ಪಾಡೇನು? ಸರಕಾರ ಅವರ ಕಥೆಯನ್ನು ಕೇಳಿದ್ದು ಪಿಂಚಣಿಯ ಅರ್ಜಿಯಲ್ಲಿ. 1972ರಲ್ಲಿ ಆರಂಭವಾದ ಕೇಂದ್ರದ ಯೋಜನೆ ಮುಂದೆ ಗಡಿಶಿಬಿರಗಳಲ್ಲಿದ್ದವರಿಗೂ ದೊರೆಯಿತು. ಎಷ್ಟು ತಿಂಗಳು, ಯಾವ ಶಿಬಿರ, ಪ್ರಮಾಣಪತ್ರ ಯಾರದು - ಅರ್ಜಿಗೆ ಬೇಕಾದುದು ಇಷ್ಟೇ. ಹತ್ತು ಸಲ ಅದನ್ನೇ ಒಪ್ಪಿಸಿದವನ ನೆನಪು ಕ್ರಮೇಣ ಅರ್ಜಿಯ ಅಚ್ಚಿಗೇ ಹೊಂದಿಕೊಂಡರೆ ಆಶ್ಚರ್ಯವೇನು! ರಾತ್ರಿ ಹಳ್ಳ ದಾಟುವಾಗ ಕಾಲು ನಡುಗಿತೇ, ರೊಟ್ಟಿಯ ಗಂಟು ಯಾರ ಮನೆಯಿಂದ ಬರುತ್ತಿತ್ತು, ಮಗನನ್ನು ಕಳುಹಿಸಿದ ತಾಯಿ ಏನೆಂದಳು ಎಂದು ಕೇಳುವ ಗುಮಾಸ್ತನುಂಟೇ?

ಇನ್ನೊಂದು ಪ್ರಶ್ನೆ ಇನ್ನೂ ಕಠಿಣ. ಪಂಡಿತ ಸುಂದರಲಾಲರ ಸಮಿತಿ 1948ರ ಕೊನೆಯಲ್ಲಿ ಸಂಸ್ಥಾನವನ್ನು ಸುತ್ತಿ, ಸೇನಾಕಾರ್ಯದ ಸಮಯದಲ್ಲಿಯೂ ತರುವಾಯವೂ 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಬರಲಿಲ್ಲ. ರಜಾಕಾರರ ಕ್ರೌರ್ಯವನ್ನು ಬರೆದುಕೊಳ್ಳುವವರು ಈ ಸಾವುಗಳನ್ನು ಬಿಟ್ಟರೆ ಅದು ಅರ್ಧ ಲೆಕ್ಕ. ಕ್ಯಾಂಪಿನವರ ಮನೆಯಲ್ಲಿ ಕುಳಿತ ವಿದ್ಯಾರ್ಥಿ ಅದೇ ಓಣಿಯ ಮುಸಲ್ಮಾನರ ಮನೆಯ ಕಟ್ಟೆಯ ಮೇಲೂ ಕುಳಿತುಕೊಳ್ಳಬೇಕು.

ಅಂದು ಹದಿನೆಂಟು ತುಂಬಿದ್ದವರು 1930ರಲ್ಲಿ ಹುಟ್ಟಿದವರು, ಬದುಕಿರುವವರು ಬೆರಳೆಣಿಕೆಯಷ್ಟು. ಆದರೆ ಅಂದು ಎಂಟು ಹತ್ತು ವರ್ಷದವರಾಗಿದ್ದು ಅಡಿಗೆಮನೆಯ ಕತ್ತಲಲ್ಲಿ ಅಡಗಿ ಕುಳಿತ ಹುಡುಗಿಯರು ಎಂಬತ್ತೈದು ದಾಟಿ ಇನ್ನೂ ಕೆಲವು ಮನೆಗಳಲ್ಲಿದ್ದಾರೆ. ಚಿತ್ರಮುದ್ರಣಕ್ಕೆ ಈಗ ಕಾಲೇಜು ಹುಡುಗರ ಜೇಬಿನ ಮೊಬೈಲೇ ಸಾಕು. ಅಜ್ಜಿಗೆ ತಾರೀಖು ಕೇಳಿದರೆ ಬಾಯಿ ಕಟ್ಟೀತು. ಜೋಳ ಕೊಯ್ದಿದ್ದರೋ ಬಿತ್ತಿದ್ದರೋ ಎಂದು ಕೇಳಿದರೆ ಹೇಳಿಯಾಳು. ಮಗನೋ ಸೊಸೆಯೋ ನಡುವೆ ಬಾಯಿ ಹಾಕಿ ತಿದ್ದದಂತೆ ನೋಡಿಕೊಳ್ಳುವುದು ಮಾತ್ರ ಮುದ್ರಿಸುವವರ ಕೆಲಸ. ಊರು, ವಯಸ್ಸು, ಮುದ್ರಿಸಿದ ದಿನ ಇವನ್ನು ಬರೆದು, ಹೇಳಿದವರ ಒಪ್ಪಿಗೆಯಿದ್ದರೆ, ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಭಂಡಾರದಲ್ಲಿಯೂ ಒಂದನ್ನು ಆ ಮನೆಯಲ್ಲಿಯೂ ಇರಿಸಬಹುದು.