ಅಜ್ಜನ ಪೆಟ್ಟಿಗೆಯ ಜಪಾನೀ ಧ್ವಜ

ಎರಡನೆಯ ಮಹಾಯುದ್ಧದಿಂದ ಮರಳಿದ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳ ಸೈನಿಕರಲ್ಲಿ ಅನೇಕರು ರಣರಂಗದ ನೆನಪಿಗೆಂದು ಜಪಾನೀ ಧ್ವಜಗಳನ್ನು ಮನೆಗೆ ತಂದರು. ಇಂದು ಅವು ಮೊಮ್ಮಕ್ಕಳ ಕೈಸೇರಿವೆ. ಬಿಳಿಯ ಬಟ್ಟೆ, ನಡುವೆ ಕೆಂಪು ಸೂರ್ಯ, ಸುತ್ತಲೂ ಕುಂಚದಿಂದ ಬರೆದ ಕರಿಯ ಅಕ್ಷರಗಳು. ಕಂಡವರು "ಇದರ ಬೆಲೆಯೆಷ್ಟು?" ಎಂದು ಕೇಳುವುದುಂಟು. ಕೇಳಬೇಕಾದುದು "ಇದು ಯಾರದು?" ಎಂಬುದಾಗಿ.

ಉತ್ತರವು ಬಹುಮಟ್ಟಿಗೆ ಬಟ್ಟೆಯ ಮೇಲೆಯೇ ಇದೆ. ಯುದ್ಧಕ್ಕೆ ಹೊರಟ ತರುಣನಿಗೆ ಬಂಧುಮಿತ್ರರು ತಮ್ಮ ಹೆಸರುಗಳನ್ನು ಬರೆದು ಕೊಟ್ಟ ಹಾರೈಕೆ ಅದು. ಮೇಲೆ ದೊಡ್ಡದಾಗಿ ಕಾಣುವ ನಾಲ್ಕು ಅಕ್ಷರಗಳು ಸಾಮಾನ್ಯವಾಗಿ 'ಬುಉನ್ ಚೋಕ್ಯೂ'. ರಣಭಾಗ್ಯ ಚಿರಕಾಲ ಉಳಿಯಲಿ ಎಂದರ್ಥ. ಅಂದಿನ ಅಡ್ಡಬರಹ ಹೆಚ್ಚಾಗಿ ಬಲದಿಂದ ಎಡಕ್ಕೆ ಸಾಗುತ್ತಿತ್ತು; ನಮ್ಮಂತೆ ಎಡದಿಂದ ಓದಹೊರಟವರು ಮೊದಲ ಹೆಜ್ಜೆಯಲ್ಲಿಯೇ ದಾರಿ ತಪ್ಪುತ್ತಾರೆ. ತಾರೀಖು ಇದ್ದರೆ ಅದು ಷೋವ ಶಕೆಯದಾಗಿರಬಹುದು. ನಮ್ಮ ಶಾಸನಗಳ ಶಕವರ್ಷಕ್ಕೆ 78 ಕೂಡಿಸುವಂತೆ ಅದಕ್ಕೆ 1925 ಕೂಡಿಸಬೇಕು: ಷೋವ 18 ಎಂದರೆ 1943.

ಹೆಸರನ್ನು ಓದುವುದೇ ಕಠಿಣ. ಪೂರ್ವದಿಕ್ಕನ್ನು ಸೂಚಿಸುವ ಒಂದೇ ಅಕ್ಷರ ಮನೆತನದ ಹೆಸರಾದಾಗ 'ಹಿಗಾಷಿ' ಎಂದೂ ಆದೀತು, 'ಅಝುಮ' ಎಂದೂ ಆದೀತು. ಫೋನಿನ ಅನುವಾದಯಂತ್ರವು ಅಚ್ಚಕ್ಷರವನ್ನು ಓದಿದರೂ ಕುಂಚದ ಓಟದಲ್ಲಿ ಒಂದರೊಡನೊಂದು ಬೆರೆತ ಗೆರೆಗಳ ಮುಂದೆ ಸುಲಭವಾಗಿ ಎಡವುತ್ತದೆ. ಯಂತ್ರದ ಮಾತನ್ನೇ ಪ್ರಮಾಣವೆಂದು ನಂಬದೆ, ಲಿಪಿ ಬಲ್ಲವರ ಮುಂದಿಡುವುದು ವಿಹಿತ. ಸಹಿಗಳು, ಊರಿನ ಹೆಸರು, ದೇಗುಲದ ಮುದ್ರೆ ಇವೆಲ್ಲ ಕೂಡಿದರೆ ಗುರುತು ದೃಢವಾಗುತ್ತದೆ.

ಧ್ವಜವನ್ನು ಒಗೆಯುವುದಂತೂ ಸಲ್ಲದು. ಜಪಾನೀ ಮಸಿಯ ಮೂಲವಸ್ತು ಕಾಡಿಗೆ, ಎಂದರೆ ಇಂಗಾಲ. ಅದು ಅವಕೆಂಪು ಕಿರಣಗಳನ್ನು ಹೀರುತ್ತದೆ. ಹಲವು ಬಗೆಯ ಕಲೆಗಳು ಅಷ್ಟಾಗಿ ಹೀರವು. ಆದುದರಿಂದ ಕಣ್ಣಿಗೆ ಮಾಸಿದಂತೆ ತೋರುವ ಅಕ್ಷರ ಅವಕೆಂಪು ಛಾಯಾಚಿತ್ರದಲ್ಲಿ ಸ್ಫುಟವಾಗಿ ಮೂಡಬಹುದು. ನೀರಿಗೆ ಅದ್ದಿದರೆ ಸಾಕ್ಷ್ಯವೇ ಹಾಳಾದೀತು.

"ಇದು ನಮ್ಮ ಅಜ್ಜನ ನೆನಪೂ ಹೌದಲ್ಲವೆ?" ಎನ್ನಬಹುದು. ಹೌದು, ಆ ನೆನಪಿಗೆ ಒಂದು ಒಳ್ಳೆಯ ಛಾಯಾಚಿತ್ರ ಸಾಕು. ಅತ್ತ, ಹೊರನಾಡುಗಳಲ್ಲಿ ಮಡಿದ ಜಪಾನೀಯರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಅಸ್ಥಿ ಇನ್ನೂ ತವರಿಗೆ ಮರಳಿಲ್ಲ. ಅಂಥ ಮನೆಗೆ ಈ ಬಟ್ಟೆಯೊಂದೇ ಮಗನ ಗುರುತಾದೀತು. ಅಮೆರಿಕದ ಆರೆಗನ್ ರಾಜ್ಯದಲ್ಲಿ 2009ರಲ್ಲಿ ಆರಂಭವಾದ ಓಬೋನ್ ಸೊಸೈಟಿಯು ಬರಹವನ್ನು ಓದಿಸಿ, ಬಂಧುಗಳನ್ನು ಹುಡುಕಿಸಿ, ನೂರಾರು ಧ್ವಜಗಳನ್ನು ಹಿಂದಿರುಗಿಸಿದೆ.

ಲಿಪಿಜ್ಞಾನವು ಪರೀಕ್ಷೆಗೆ ಮಾತ್ರವಲ್ಲ. ಓದಿ ತಿಳಿದ ಮೇಲೆ ಆ ಹೆಸರಿನವನ ಮನೆಗೆ ಅದನ್ನು ಮುಟ್ಟಿಸಿದರೆ ಓದು ಪೂರ್ಣವಾಯಿತು.